ಹಲ್ ಊರಿನ ವಸಡು

ಊರ ಹೆಸರೇ ಹಲ್. ನಗಬೇಡಿ,
ಹಲ್ಲಿನ ಸಂದಿ ಅಳೆಯುವುದೇ ನನ್ನ ಉದ್ಯೋಗ.
ಮಂಗಳವಾರ ಒಂಬತ್ತೂವರೆಗೆ ಡೆಸ್ಮಂಡ್ ಗಾರ್ಸೈಡ್,
ಹದಿನೈದಕ್ಕೇ ಟ್ರಾಲರ್ ಹತ್ತಿ ಐಸ್‌ಲ್ಯಾಂಡಿನ ಮೀನಿಗೆ ಹೋದವನು.
ಒರಗಿ ಬಾಯಿ ತೆರೆದರೆ ನಿಂಬೆಯ ವಾಸನೆ.

ಮೂರು, ನಾಲ್ಕು, ಆರು, ಎನ್ನುತ್ತೇನೆ.
ಆರರಲ್ಲಿ ರಕ್ತ.

"ನಿಂಬೆ ತಿಕ್ಕು ಅಂತಿದ್ದ ನಮ್ಮಜ್ಜ. ನಾವಿಕರ ಮದ್ದು."
ಸುಳ್ಳಲ್ಲ. ತಿಂಗಳುಗಟ್ಟಲೆ ಒಣ ಬಿಸ್ಕತ್ತು ಕಡಿದು
ವಸಡು ಕೊಳೆತು ಹಲ್ಲು ಅಲುಗಿದವರನ್ನು
ಹುಳಿಹಣ್ಣೇ ಉಳಿಸಿತು, ಅದು ಸಾಬೀತು.
ಆದರೆ ಅವರು ತಿಂದರು, ಡೆಸ್ಮಂಡ್, ತಿಕ್ಕಲಿಲ್ಲ.
ನಿನ್ನದು ಸ್ಕರ್ವಿಯಲ್ಲ, ಪಾಚಿ.
ನಿಂಬೆಗೆ ಸವೆಯುವುದು ಪಾಚಿಯಲ್ಲ, ಹಲ್ಲೇ.

ಇಷ್ಟು ಹೇಳಿ ಸುಮ್ಮನಿರಬೇಕಿತ್ತು. ಕೈಗವಸು ಕಳಚುತ್ತ
ಕುಷ್ಟಗಿಯ ಚಿಗವ್ವನ ಮಾತು ಬಾಯಿಂದ ಜಾರಿತು:
ಒಣಗಿದ ದಾಳಿಂಬೆ ಸಿಪ್ಪೆ, ಚಿಟಿಕೆ ಉಪ್ಪು,
ಕುದಿಸಿ, ಆರಿಸಿ, ಬಾಯಿ ಮುಕ್ಕಳಿಸು.

"ಪುರಾವೆ?"
ಇವೆ, ಸಣ್ಣವು. ಮೂವತ್ತೋ ನಲವತ್ತೋ ಬಾಯಿ,
ಕೆಲವೇ ವಾರ. ರಕ್ತ ತಗ್ಗಿತೆನ್ನುವವರಿದ್ದಾರೆ,
ಇನ್ನೂ ನೋಡಬೇಕೆನ್ನುವವರೇ ಜಾಸ್ತಿ.
"ಓ, ಹವಾಮಾನ ವರದಿ," ಅಂದ.

ಮೂರು ತಿಂಗಳಿಗೆ ಆರು ನಾಲ್ಕಾಗಿತ್ತು.
ಪಾಚಿ ನಾನೇ ಕೆರೆದಿದ್ದೆ,
ಸಂದಿಗೆ ಕೊಟ್ಟ ಪುಟ್ಟ ಬ್ರಷ್ಷೂ ಸವೆದಿತ್ತು,
ಹೆಸ್ಲ್ ರೋಡಿನ ಅಂಗಡಿಯಲ್ಲಿ
ದಾಳಿಂಬೆಯೂ ಖರ್ಚಾಗಿತ್ತಂತೆ.
ಯಾವುದರಿಂದ?
ಬ್ರಷ್ ಎಂದು ಬರೆದೆ. ಪೆನ್ನು ಕೊಂಚ ತಡೆಯಿತು.

ಹೋಗುವಾಗ ಕಾಗದದ ಪೊಟ್ಟಣ ಮೇಜಿನ ಮೇಲಿಟ್ಟ,
ತಾನೇ ಒಣಗಿಸಿದ ಸಿಪ್ಪೆ: "ನಿನ್ನ ಚಿಗವ್ವನಿಗೆ."

ಐವತ್ತು ತುಂಬುವುದರೊಳಗೆ ಚಿಗವ್ವ
ಬೊಚ್ಚುಬಾಯಿಯಾಗಿದ್ದಳು. ಅದನ್ನು
ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.