ಸರ್ಕಾರ ಬಂದರೆ ಎದ್ದುಬಿಡು

ನೈರಿ, ಬೀಗದ ಕೈ ಕೆಳಗಿನ ಬೇಕರಿಯಲ್ಲಿದೆ.
ನಮ್ಮದು ಐದನೇ ಮಹಡಿ. ಲಿಫ್ಟ್ ಇದೆ,
ಅದನ್ನು ನಂಬಿ ಒಳಹೊಕ್ಕವರು
ಎರಡು ಮಹಡಿಗಳ ನಡುವಿನ ಗೋಡೆ ನೋಡುತ್ತ
ಕೂತದ್ದೂ ಇದೆ, ಗಂಟೆಗಟ್ಟಲೆ.
ಮೆಟ್ಟಿಲು ಹತ್ತು. ಕತ್ತಲಾಗಿದ್ದರೆ ಎಣಿಸು: ತೊಂಬತ್ತಾರು.
ಐವತ್ತೊಂದನೆಯದು ಮುರಿದಿದೆ.

ಬಾಗಿಲು ತೆಗೆದೊಡನೆ ಬಲಗಡೆ
ಗುಂಯ್‌ಗುಡುವುದು ಇನ್ವರ್ಟರ್. ಹೆದರಬೇಡ.
ಗುಂಯ್‌ಗುಡದಿದ್ದರೆ ಹೆದರು.
ಅದರಡಿ ನಾಲ್ಕು ಬ್ಯಾಟರಿ,
ಒಂದೊಂದೂ ಒಬ್ಬ ಮನುಷ್ಯನ ತೂಕ.
ಹೊತ್ತು ತಂದ ಹುಡುಗ ಮಹಡಿಗೊಮ್ಮೆ ಕೂತು
ದೇವರನ್ನೂ ನನ್ನನ್ನೂ ಸರದಿಯಲ್ಲಿ ಬೈದ.
ನನ್ನ ಮದುವೆಯ ಆರು ಬಳೆ ಕರಗಿ ಆದದ್ದು ಅವು.
ಹದಿನೈದನೇ ತಾರೀಕು ನೀರು ಕೇಳುತ್ತವೆ.
ನಲ್ಲಿಯದಲ್ಲ, ಸಿಂಕಿನಡಿ ನೀಲಿ ಕ್ಯಾನಿನಲ್ಲಿದೆ,
ಬಟ್ಟಿ ಇಳಿಸಿದ್ದು. ಕನ್ನಡಕ ಹಾಕಿಕೊಂಡೇ ಸುರಿ.

ಡಬ್ಬಿಯ ಹಣೆಯಲ್ಲೊಂದು ಅಂಕಿ ಮಿಣುಗುತ್ತದೆ.
ಇಪ್ಪತ್ತೈದಿದ್ದರೆ ನೀನು ರಾಣಿ.
ಇಪ್ಪತ್ನಾಲ್ಕೂವರೆಗೆ ಫ್ರಿಜ್ ಒಂದೇ.
ಇಪ್ಪತ್ನಾಲ್ಕಕ್ಕೆ ಎಲ್ಲ ಆರಿಸಿ ಮಲಗು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರ ಹಾಸಿಗೆ
ನಡುರಾತ್ರಿ ಗಿಡ್ಡವಾಗುತ್ತಿರಲಿಲ್ಲ.

ಇಸ್ತ್ರಿಪೆಟ್ಟಿಗೆ, ಕೆಟಲ್, ಕೂದಲೊಣಗಿಸುವ ಯಂತ್ರ:
ಮೂವರೂ ಸವತಿಯರು.
ಒಬ್ಬಳು ಎದ್ದರೆ ಇನ್ನಿಬ್ಬರು ಕೂರಬೇಕು.
ಹೊಲಿಗೆ ಯಂತ್ರಕ್ಕೆ ಹನ್ನೊಂದರಿಂದ ಎರಡೂವರೆ.
ಬುರ್ಜ್ ಹಮ್ಮೂದಿನ ಎಷ್ಟೋ ಮದುಮಗಳಂದಿರು
ನಡುಮಧ್ಯಾಹ್ನದ ಬಿಸಿಲನ್ನೇ ಉಟ್ಟು ಹೋಗಿದ್ದಾರೆ.
ಮಣಿ ಪೋಣಿಸುವುದು ಕತ್ತಲಿಗೆ. ಬೆರಳಿಗೆ ಕಣ್ಣಿವೆ,
ನನ್ನ ಕಣ್ಣಿಗೇ ಈಗ ಇಲ್ಲ.

ಸಂಜೆ ಏಳರಿಂದ ಹನ್ನೊಂದು
ಬೀದಿಯ ಜನರೇಟರಿನದು, ಐದು ಆಂಪಿಯರ್.
ಒಡೆಯ ಒಂದನೇ ತಾರೀಕು ತಪ್ಪದೆ ಬರುತ್ತಾನೆ.
ರಸೀದಿ ಕೇಳು. ನಗುತ್ತಾನೆ. ಆದರೂ ಕೇಳು.

ಇನ್ನು ಸರ್ಕಾರ.
ನೀನು ಯೆರೆವಾನಿನಲ್ಲಿ ಬೆಳೆದವಳು, ನಿನಗೆ ಹೊಸದು:
ಇಲ್ಲಿ ಕಂಬದ ಕರೆಂಟಿಗೆ ಹಾಗೇ ಅನ್ನುವುದು.
ಸರ್ಕಾರ ಬಂತು. ಸರ್ಕಾರ ಹೋಯಿತು.
ನಡುಮನೆಯ ಗೋಡೆಯಲ್ಲೊಂದು ಕೆಂಪು ಬಲ್ಬು.
ಅದು ಹೊತ್ತಿದರೆ, ಬೆಳಗಿನ ಜಾವ ಮೂರಾಗಲಿ,
ಯಾರ ಕನಸಿನಲ್ಲೇ ಇರು, ಎದ್ದುಬಿಡು.
ಬಟ್ಟೆ ಒಗೆಯಲು ಹಾಕು, ಪಂಪು ಹಾಕು,
ಸವತಿಯರನ್ನೆಲ್ಲ ಒಟ್ಟಿಗೆ ಕುಣಿಸು.
ಇಡೀ ಕಟ್ಟಡ ಎದ್ದಿರುತ್ತದೆ, ನೋಡು.
ಎರಡನೇ ಮಹಡಿಯಲ್ಲಿ ಯಾರೋ ಕೇಕು ಬೇಯಿಸುತ್ತಾರೆ,
ಬಾಲ್ಕನಿಯಿಂದ ಬಾಲ್ಕನಿಗೆ ಶುಭೋದಯ ಹೇಳುತ್ತಾರೆ,
ಒಂದೊಂದು ಸಲ ವಾಕ್ಯ ಮುಗಿಯುವ ಮೊದಲೇ ಕತ್ತಲು.

ಛಾವಣಿಯಲ್ಲಿ ಆರು ಸೋಲಾರ್ ಹಲಗೆ ನಮ್ಮವು.
ಪಕ್ಕದ್ದು ಖೋರೆನ್‌ನ ಪಾರಿವಾಳದ ಗೂಡು.
ಅವನೊಡನೆ ಎರಡು ವರ್ಷ ಜಗಳ ಕಾದೆ.
ಒಂದು ಹಿಕ್ಕೆ ಬಿದ್ದರೆ ಒಂದು ಬಲ್ಬು ಕಡಿಮೆ, ಎಂದೆ.
ನಿನ್ನ ಬಲ್ಬು ಗುಟುರು ಹಾಕುತ್ತದೇನು, ಎಂದ.
ಮೂರು ಗಂಟೆಗೆ ಆ ಗೂಡಿನ ನೆರಳು
ಐದನೇ ಹಲಗೆಯ ಮೇಲೆ ಕಾಲು ಚಾಚುತ್ತದೆ ಈಗಲೂ.

ಆಮೇಲೆ ಜನವರಿಯ ಆ ಹನ್ನೊಂದು ದಿನ.
ಕಂಬವಿಲ್ಲ, ಬೀದಿಗೆ ಡೀಸೆಲ್ ಇಲ್ಲ, ಮೋಡ ಬೇರೆ.
ಒಂದು ಬೆಳಿಗ್ಗೆ ವಿನಿಗರ್ ಬಟ್ಟೆ ಹಿಡಿದು ಹತ್ತಿದರೆ
ಖೋರೆನ್ ಬನಿಯನ್ನಿನಲ್ಲಿ ನಿಂತು
ತನ್ನ ಅಂಗಿಯಿಂದ ನನ್ನ ಹಲಗೆ ಒರೆಸುತ್ತಿದ್ದ.
ಇಳಿದು ಬಂದೆ. ಕೆಮ್ಮಲೂ ಇಲ್ಲ.

ಅಡುಗೆಮನೆಯ ಕಿಟಕಿಯಿಂದ ಹಳದಿ ತಂತಿಯೊಂದು
ಮೇಲಕ್ಕೆ ಹೋಗುತ್ತದೆ. ಕೀಳಬೇಡ.
ನನ್ನ ಲೆಕ್ಕದ ಪುಸ್ತಕದಲ್ಲಿ ಅದು ಸಿಗುವುದಿಲ್ಲ, ಹುಡುಕಬೇಡ.
ಇಪ್ಪತ್ನಾಲ್ಕಕ್ಕೆ ಎಲ್ಲ ಆರಿಸು ಎಂದೆನಲ್ಲ,
ಅದೊಂದನ್ನು ಬಿಟ್ಟು.

ಮೂರು ವಾರಕ್ಕೆ ಕಣ್ಣಿನ ಕಟ್ಟು ಬಿಚ್ಚುತ್ತಾರಂತೆ.
ಆಸ್ಪತ್ರೆಯಲ್ಲಿ ಕರೆಂಟು ಹೋಗುವುದೇ ಇಲ್ಲವಂತೆ.
ಯಾವುದನ್ನು ಕಾಯುತ್ತ ನಿದ್ದೆ ಮಾಡಲಿ ಅಲ್ಲಿ?

ಫ್ರಿಜ್ಜಿನಲ್ಲಿ ದಾಲ್ಮಾ ಇದೆ, ಮೊದಲು ಅದನ್ನು ಮುಗಿಸು.
ಐವತ್ತೊಂದನೆಯ ಮೆಟ್ಟಿಲು, ಮರೆಯಬೇಡ.