ವೇ ಬಿಲ್

ಇಪ್ಪತ್ತಾರು ವರ್ಷ ಹಾಸನ–ಚಿಕ್ಕಮಗಳೂರು ರೂಟಿನಲ್ಲಿ
ರೈಟ್ ಹೇಳಿದವನು ನಾನು, ಸಣ್ಣಸ್ವಾಮಿ,
ಬಿಲ್ಲೆ ನಂಬರು ಸಾವಿರದ ನೂರ ನಲವತ್ತೇಳು.
ಚೆಂಡಿನ ವಿಷಯ ಗೊತ್ತಿಲ್ಲ. ತಲೆ ಎಣಿಸುವುದು ಗೊತ್ತು.

ಅದಕ್ಕೇ ಕರೆದರಂತೆ, ಬೇಲೂರಿನ ಲಾಡ್ಜಿನ ಮೀಟಿಂಗಿಗೆ.
ಮೈಸೂರಿನ ಸಲಹೆಗಾರ ಗೋಡೆಗೆ ಬೆಳಕು ಬಿಟ್ಟು ಕೇಳಿದ:
ಸಂಬಳ ಕೊಟ್ಟು ಆಡಿಸುವ ಫುಟ್‌ಬಾಲ್ ತಂಡ,
ನಿಮ್ಮ ಊರುಗಳ ಕೈಲಿ ಸಾಕೋಕಾಗುತ್ತಾ?

ಸಾಕು ಅನ್ನುವುದಕ್ಕೆ ನಮ್ಮಲ್ಲಿ ಎರಡರ್ಥ.
ಹಸುವಿಗೆ ಒಂದು, ಎಲೆಯ ಮುಂದೆ ಕೂತಾಗ ಒಂದು.
ಅವನು ಕೇಳಿದ್ದು ಮೊದಲನೆಯದು,
ಕೆಲವರು ಎರಡನೆಯದನ್ನು ಕೇಳಿಸಿಕೊಂಡು ಎದ್ದು ಹೋದರು.

ಹಾಸನದ ಇನಾಯತ್, ಟಯರ್ ಅಂಗಡಿಯವನು, ಮೇಜು ಕುಟ್ಟಿದ:
ಜನ ನಮ್ಮಲ್ಲಿ ಜಾಸ್ತಿ, ಮೈದಾನ ನಮ್ಮದೇ.
ಚಿಕ್ಕಮಗಳೂರಿನ ಲಿಗೋರಿ ಮಾಸ್ತರು ಕನ್ನಡಕ ಒರೆಸಿಕೊಂಡರು:
ಜನ ಇರಬಹುದಪ್ಪ, ಆಡುವ ಕಾಲು ನಮ್ಮಲ್ಲಿವೆ.
ಗ್ಯಾಲರಿ ತುಂಬ ಆಲೂಗಡ್ಡೆ ಮೂಟೆ ಕೂರಿಸ್ತೀಯಾ?
ನಿಮ್ಮ ಶನಿವಾರದ ಕಾರುಗಳು ಏನ್ಮಾಡ್ತಾವೆ ಸಾರ್?
ಬೆಟ್ಟ ಹತ್ತಿ ಫೋಟೋ ಹಿಡಿದು ಇಳೀತಾವೆ,
ಒಂದಾದರೂ ಸ್ಟೇಡಿಯಂ ಕಡೆ ಮೂತಿ ತಿರುಗಿಸ್ತಾ?

ತಂಡದ ಹೆಸರಲ್ಲಿ ಯಾವ ಊರು ಮೊದಲು
ಅನ್ನುವುದಕ್ಕೇ ಎರಡು ಗಂಟೆ ಹೋಯಿತು.
ಬಸ್ಸಿನ ಬೋರ್ಡಿನ ಹಾಗೆ ಮಾಡಿ ಅಂದೆ,
ಹೋಗುವಾಗ ಒಂದು, ಬರುವಾಗ ಒಂದು.
ಯಾರೂ ನಗಲಿಲ್ಲ. ಲಾಡ್ಜಿನವನು ಮಾತ್ರ
ನಡುವೆ ನಾವಿದ್ದೀವಿ, ಇಲ್ಲೇ ಆಡಿ ಅಂತ
ಬೋಂಡದ ಬಿಲ್ಲು ತಂದಿಟ್ಟ.

ಕೊನೆಗೊಂದು ಪರೀಕ್ಷೆಯ ಆಟ. ಹಾಸನ, ಭಾನುವಾರ.
ಟಿಕೆಟ್ ಮೂವತ್ತು. ಹರಿಯುವವನು ನಾನು.
ಹರಿದದ್ದು ಮುನ್ನೂರ ಹನ್ನೆರಡು.
ಕಾಂಪೌಂಡಿನ ಮೇಲೆ ಕೂತವರು ಲೆಕ್ಕಕ್ಕಿಲ್ಲ,
ಇಳಿಸಿದರೆ ಮರ ಹತ್ತುತ್ತಿದ್ದರು.

ಸುಣ್ಣದ ಗೆರೆಗೆ ಆರುನೂರ ನಲವತ್ತು,
ಮೂವರು ರೆಫ್ರಿಗಳಿಗೆ ಮೂರು ಸಾವಿರ,
ಆಂಬುಲೆನ್ಸಿಗೆ ಎರಡೂವರೆ (ಯಾರೂ ಬೀಳಲಿಲ್ಲ,
ಡ್ರೈವರು ಒಳಗೇ ಗೊರಕೆ ಹೊಡೆದ),
ಮೈಕು ಸಾವಿರದಿನ್ನೂರು,
ನಿಂಬೆಹಣ್ಣು ಗ್ಲೂಕೋಸು ನಾನೂರಿಪ್ಪತ್ತು,
ಹುಡುಗರ ಊಟ ಸಾವಿರದೇಳುನೂರು.
ಹುಡುಗರ ಸಂಬಳ ಅನ್ನುವ ಕಾಲಂ
ಗೀಟು ಎಳೆದು ಖಾಲಿ ಬಿಟ್ಟೆ.
ಕೂಡಿದೆ, ಕಳೆದೆ. ನೂರು ರೂಪಾಯಿ ಶಾರ್ಟು.
ಶಾರ್ಟ್ ಬಂದರೆ ಕಂಡಕ್ಟರ ಜೇಬು, ಡಿಪೋದ ನಿಯಮ.
ರಿಟೈರಾಗಿ ಮೂರು ವರ್ಷವಾದರೂ
ಕೈ ತಾನಾಗಿ ಒಳಗೆ ಹೋಯಿತು.

ಆಟ? ಒಂದು–ಒಂದು. ಪೆನಾಲ್ಟಿ ಬಂತು.
ಆರೂವರೆಗೆ ಹೊರಡಬೇಕಿದ್ದ ಚಿಕ್ಕಮಗಳೂರು ಬಸ್ಸು
ಗೇಟಿನ ಹೊರಗೆ ಗುರುಗುಟ್ಟುತ್ತ ನಿಂತಿತ್ತು,
ಡ್ರೈವರ್ ಸೋಮೇಗೌಡ ಕೀಲಿ ಕೈಯಲ್ಲೇ ಹಿಡಿದು
ಬೇಲಿಗೆ ಆತುಕೊಂಡಿದ್ದ. ಹಿಂದೆ ಅವನ ಪ್ಯಾಸೆಂಜರುಗಳು,
ಕಂಕುಳಲ್ಲಿ ಕೋಳಿ ಹಿಡಿದ ಒಬ್ಬ ಹೆಂಗಸೂ ಸೇರಿ.
ಲಾಗ್ ಶೀಟಿನಲ್ಲಿ ಟಯರ್ ಪಂಕ್ಚರ್ ಅಂತಿದೆ.

ಎಸ್ಟೇಟ್ ಲೈನಿನ ಹುಡುಗ ಸೆಲ್ವಂ ಗೋಲಿನಲ್ಲಿ
ಎರಡೂ ಕೈ ಅಗಲಿಸಿ ನಿಂತ, ಫುಟ್‌ಬೋರ್ಡ್ ತುಂಬಿದಾಗ
ಯಾರೂ ಹತ್ತಬೇಡಿ ಅಂತ ನಾನು ನಿಲ್ಲುತ್ತಿದ್ದ ಹಾಗೆ.
ಐದನೇ ಹೊಡೆತ. ನಾನು ತಲೆ ಎಣಿಸುತ್ತಿದ್ದೆ,
ಇನ್ನೂರ ಎಪ್ಪತ್ತು, ಎಪ್ಪತ್ತೊಂದು,
ಆಮೇಲೆ ಎಣಿಕೆ ತಪ್ಪಿತು.
ಬಿಲ್ಲೆ ಕಟ್ಟಿದಂದಿನಿಂದ ಮೊದಲ ಸಲ.

ಸಲಹೆಗಾರ ಪೆನ್ನು ಹಿಡಿದು ಕಾಯುತ್ತಿದ್ದ.
ಬೆಳಗಿನ ಐದೂವರೆ ಟ್ರಿಪ್ಪಿಗೆ ಸ್ವಾಮಿ,
ಹಗರೆ ತನಕ ನಾಲ್ಕೇ ಜನ, ಮತ್ತೆ ಪೇಪರ್ ಬಂಡಲು.
ಆದರೂ ಹೊರಡುತ್ತಿದ್ದೆವು ಅಂದೆ.
ಅದು ಹೌದೋ ಅಲ್ಲವೋ ಅಂತ ಕೇಳಿದ.
ಅದು ಐದೂವರೆ ಟ್ರಿಪ್ಪು ಅಂದೆ.

ಆ ನೂರು ರೂಪಾಯಿ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.
ಮೈದಾನ ನಮ್ಮದು, ನಾನು ಕೊಡ್ತೀನಿ ಅಂತ ಇನಾಯತ್.
ನಿನ್ನ ಹಂಗು ನಮಗೆ ಬೇಡ ಅಂತ ಲಿಗೋರಿ ಮಾಸ್ತರು.
ಇಬ್ಬರೂ ರಾತ್ರಿ ನನಗೇ ಫೋನು ಮಾಡುತ್ತಾರೆ,
ಇವಳು ಬಡಿಸಿಟ್ಟ ಮುದ್ದೆ ಆರುತ್ತದೆ.