ಮುದ್ದೆಮಾಲು ನಂಬರ್ ಮೂರು

ಒಂದು: ಬೈಕು, ಕಪ್ಪು, ಹಿಂದಿನ ದೀಪ ಒಡೆದದ್ದು.
ಎರಡು: ಕೇಕಿನ ಡಬ್ಬ, ಮುಚ್ಚಳದಲ್ಲಿ
ಸಿಗರೇಟಿನಿಂದ ಸುಟ್ಟ ಏಳು ತೂತು.
ಮೂರು: ಡಬ್ಬದೊಳಗಿನ ಜೀವ.

ಮಲಯಾಳದ ಮಹಜರನ್ನು ಕನ್ನಡಕ್ಕೆ ಇಳಿಸುವುದು ನನ್ನ ಕೆಲಸ,
ವಿದ್ಯಾನಗರದ ಕೋರ್ಟಿನ ಹಿಂಬದಿಯ ಕೋಣೆಯಲ್ಲಿ.
ಅವರ ಓಂದ್, ನಮ್ಮ ಓತಿ,
ವಾಚರ್ ಚನಿಯಣ್ಣನ ತುಳುವಿನಲ್ಲಿ ಓಂತಿ:
ಬಾಯಿಂದ ಬಾಯಿಗೆ ದಾಟುವಾಗ
ಒಂದು ಸೊನ್ನೆ ಬಿದ್ದುಹೋಗುತ್ತದೆ, ಅಷ್ಟೆ.

ತಲಪಾಡಿಯ ಗೇಟಿನಲ್ಲಿ ಸಿಕ್ಕಿಬಿದ್ದ ಹುಡುಗ.
ಹತ್ತೊಂಬತ್ತು ವರ್ಷ, ಹೆಸರು ಮಿಥುನ.
ಮಂಗಳೂರಿನಲ್ಲಿ ಯಾರದೋ ಹಾಲಿಗೆ
ಗಾಜಿನೊಳಗೊಂದು ಕಾಡು ಬೇಕಿತ್ತಂತೆ.
‘ಬಾಳೆಸುಳಿಯ ಹಸುರಿತ್ತು ಮೇಡಂ,
ಅಷ್ಟು ಚಂದದ್ದನ್ನು ನಾನು ಮುಟ್ಟಿಯೇ ಇರಲಿಲ್ಲ.’
ಈ ಮಾತು ಮಹಜರಿನಲ್ಲಿ ಇಲ್ಲ.

ಸ್ಟೋರಿನಲ್ಲಿ ಇಲಿಯ ಕಾಟ.
ಹಾಗಾಗಿ ಪೆಟ್ಟಿಗೆ ಬಂದದ್ದು ನನ್ನ ಮೇಜಿಗೆ.
ನಾನು ಕಂಡದ್ದು ಹಸುರಲ್ಲ,
ಹಳೇ ಫೈಲಿನ ಬಣ್ಣ.
ಸತ್ತ ನೊಣ ಇಟ್ಟರೆ ಕಣ್ಣೆತ್ತಲಿಲ್ಲ.
ಕದಲದ್ದು ಅದಕ್ಕೆ ಅನ್ನವಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಮೇಲೆ
ಕರ್ ಕರ್ ಎಂದೊಂದು ಸದ್ದು.
ಪಕ್ಕದ ಕೋಣೆಯ ಟೈಪಿಸ್ಟ್ ಎಂದುಕೊಂಡೆ.
ಅವರು ನಿವೃತ್ತರಾಗಿ ನಾಲ್ಕು ವರ್ಷ.

ಗಾಜನ್ನು ಅಗೆಯುತ್ತಿತ್ತು ಅದು.
ಮುಂಗಾಲು, ನಿಲ್ಲು, ಮುಂಗಾಲು.

ಚನಿಯಣ್ಣ ಬಗ್ಗಿ ನೋಡಿ ತಲೆಯ ಮುಂಡಾಸು ತೆಗೆದ.
‘ಬಂಜಿನಾಳ್, ಅಕ್ಕ.’
ವರ್ಷವಿಡೀ ಕಿರಾಲುಭೋಗಿಯ ನೆತ್ತಿಯಲ್ಲಿರುವವಳು,
ನೆಲ ಅಂದರೆ ಅವಳಿಗೆ ಪರವೂರು.
ಮೊದಲ ಮಳೆ ಮಣ್ಣಿನೊಳಕ್ಕೆ ಇಳಿದ ದಿನ
ತಾನೂ ಇಳಿಯುತ್ತಾಳೆ,
ಗುಂಡಿ ತೋಡಿ, ಮೊಟ್ಟೆಯಿಟ್ಟು, ಮುಚ್ಚಿ,
ಮೂತಿಯಿಂದ ತಟ್ಟಿ, ತಿರುಗಿ ನೋಡದೆ ಹತ್ತಿಬಿಡುತ್ತಾಳೆ.

ಹೊರಗೆ ಮೂರು ದಿನದಿಂದ ಮಳೆ.

ಹಾಜರಿಯ ದಿನ ವಕೀಲರೊಬ್ಬರು
‘ಓತಿಗೆ ಬೇಲಿ ಸಾಕ್ಷಿ’ ಎಂದರು, ಎಲ್ಲರೂ ನಕ್ಕರು.
ನಾನೂ.
ಆಮೇಲೆ ಹೊಳೆಯಿತು, ಇವಳು ಬೇಲಿ ಕಂಡವಳೇ ಅಲ್ಲ.
ಇವಳ ಸಾಕ್ಷಿಗಳನ್ನು ಕರೆಸಬೇಕಾದರೆ
ತೊಗಟೆಯ ಇರುವೆಸಾಲು ಕಟಕಟೆ ಹತ್ತಬೇಕು,
ಕೊಂಬೆಯಲ್ಲಿ ಹಸಿದು ಕಾದ ಹಸುರುಹಾವು ಪ್ರಮಾಣ ಮಾಡಬೇಕು.
ಕಾಡಿನಲ್ಲಿ ಸುಖವಾಗಿರುತ್ತಾಳೆ ಎಂದು ನಾನು ಬರೆದುಕೊಡಲಾರೆ.
ಅಲ್ಲಿ ಇವಳನ್ನು ತಿನ್ನುವವರಿದ್ದಾರೆ,
ಇವಳು ತಿನ್ನಬೇಕಾದವರಿದ್ದಾರೆ.
ಇಲ್ಲಿ ನೋಡುವವರು ಮಾತ್ರ.

ಅರ್ಜಿಯ ಒಂಬತ್ತನೇ ಕಾಲಂ:
ಮಾಲು ಎಲ್ಲಿಗೆ ಸೇರಿದ್ದು?
ಮಲಯಾಳದಲ್ಲಿ ಕಾಡ್ ಎಂದಿತ್ತು.
ಕೊನೆಗೊಂದು ಉಕಾರ ಹಚ್ಚಿದೆ.
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ
ಇಷ್ಟು ಸುಲಭದ ಅನುವಾದ ಮಾಡಿಲ್ಲ.

ಆದೇಶ ಬಂದಾಗ ಸಂಜೆ ನಾಲ್ಕು.
ಕೋರ್ಟಿನ ಪರವಾಗಿ ಒಬ್ಬರು ಇರಬೇಕು,
ಪೆಟ್ಟಿಗೆ ತೊಡೆಯ ಮೇಲಿಟ್ಟು ನಾನೇ ಹೋದೆ.
ಪಾಣತ್ತೂರು ಕಳೆದು ಡಾಮರು ಮುಗಿದು
ಜೀಪು ನಿಂತಲ್ಲಿ ಚನಿಯಣ್ಣ ಮುಚ್ಚಳ ತೆಗೆದ.

ಮರಕ್ಕೆ ಓಡುತ್ತಾಳೆ ಅಂದುಕೊಂಡಿದ್ದೆ.
ಓಡಲಿಲ್ಲ. ಕೂತಳು.
ಒಂದು ಕಣ್ಣು ನಮ್ಮ ಕಡೆಗೆ, ಇನ್ನೊಂದು ಎಲ್ಲಿಗೋ.
ಆಮೇಲೆ ಚಕ್ರದ ಎರಡು ಗುರುತುಗಳ ನಡುವೆ,
ರಸ್ತೆಯ ನಟ್ಟನಡುವೆ,
ಅಗೆಯತೊಡಗಿದಳು.

ಸದ್ದೇ ಇಲ್ಲ.
ಮಣ್ಣು ಒಪ್ಪಿಕೊಂಡರೆ ಸದ್ದು ಇರುವುದಿಲ್ಲ.

ಡ್ರೈವರ್ ಕುಞ್ಞಂಬು ಇಂಜಿನ್ ಆರಿಸಿದ.
ಮುಕ್ಕಾಲು ಗಂಟೆ ಯಾರೂ ಕೆಮ್ಮಲಿಲ್ಲ.
ಅವಳು ಹತ್ತಿಹೋದ ಮರ ಯಾವುದೆಂದು
ಈಗ ಕೇಳಿದರೆ ತೋರಿಸಲಾರೆ. ಹಸುರಿನೊಳಗೆ
ಹಸುರಾಗಿ ಹೋದಳು, ಚಂದವೂ ಜೊತೆಗೇ ಹೋಯಿತು.

‘ಪಡೆದುಕೊಂಡವರ ಸಹಿ’ ಎಂಬಲ್ಲಿ ಖಾಲಿ ಬಿಟ್ಟೆ.
ಗುಂಡಿಯ ಮೇಲೆ ಚನಿಯಣ್ಣ ಮುಳ್ಳಿನ ಗೆಲ್ಲೊಂದನ್ನು ಅಡ್ಡವಿಟ್ಟ.
ಮುಂದೆ ಹೋಗಿ ತಿರುಗಿಸುವಂತಿರಲಿಲ್ಲ.
ಕತ್ತನ್ನು ಕಿಟಕಿಯಿಂದ ಹೊರಗೆ ಹಾಕಿ, ಮಳೆಯಲ್ಲಿ,
ಒಂದೂವರೆ ಕಿಲೋಮೀಟರ್
ಕುಞ್ಞಂಬು ಜೀಪನ್ನು ರಿವರ್ಸಿನಲ್ಲೇ ಇಳಿಸಿದ.